ಗ್ರಾಫಿಕ್ಸ್ ಕಾರ್ಡಿನ ಬಿಸಿ ಎಲ್ಲಿಗೆ ಹೋಗಬೇಕು?

ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮಂಥವರಿಗೆ ಕೆಲಸ ಏರುವುದೂ ಬಿಸಿಲು ಏರುವುದೂ ಒಟ್ಟೊಟ್ಟಿಗೆ. ಮಾಘದಲ್ಲಿ ಶುರುವಾದ ಲಗ್ನಗಳು ವೈಶಾಖ ದಾಟುವ ತನಕ ಬಿಡುವು ಕೊಡುವುದಿಲ್ಲ. ಎಡೆಯೂರು, ಅಮೃತೂರು, ಕುಣಿಗಲ್, ಹುಲಿಯೂರುದುರ್ಗದ ಛತ್ರಗಳಲ್ಲಿ ಶೂಟ್ ಮಾಡಿದ ಹುಡುಗರು ಹಾರ್ಡ್‌ಡಿಸ್ಕ್ ಹಿಡಿದು ಮಾರ್ಕೋನಹಳ್ಳಿಗೆ ಬರುತ್ತಾರೆ. ಮೊದಲೆಲ್ಲ ಎರಡು ಕ್ಯಾಮೆರಾ ಇದ್ದರೆ ಅದು ದೊಡ್ಡ ಮದುವೆ. ಈಗ ಡ್ರೋನ್ ಸೇರಿ ನಾಲ್ಕು, ಎಲ್ಲವೂ 4ಕೆ. ಆ ಫೂಟೇಜನ್ನೆಲ್ಲ ಜೋಡಿಸಿ, ಬಣ್ಣ ತಿದ್ದಿ, ರೆಂಡರ್‌ಗೆ ಹಾಕಿದಾಗ ದುಡಿಯುವುದು ಕಂಪ್ಯೂಟರಿನ ಒಳಗಿರುವ ಗ್ರಾಫಿಕ್ಸ್ ಕಾರ್ಡ್. ನನ್ನ ರೂಮು ಇರುವುದು ಮಹಡಿಯ ಮೇಲೆ, ಶೀಟಿನ ಕೆಳಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಮನುಷ್ಯರು ಕೂರುವುದೇ ಕಷ್ಟ. ಕಾರ್ಡು ಅಲ್ಲೇ ಕೂತು ಗಂಟೆಗಟ್ಟಲೆ ದುಡಿಯಬೇಕು.

ಈ ಕಾರ್ಡು ಆಟ ಆಡುವ ಹುಡುಗರ ಸಾಮಾನು ಎಂದು ಎಷ್ಟೋ ಜನ ತಿಳಿದಿದ್ದಾರೆ. 1999ರಲ್ಲಿ ಎನ್ವಿಡಿಯಾ ಕಂಪನಿ ಜಿಫೋರ್ಸ್ 256 ಎಂಬ ಚಿಪ್ಪನ್ನು ಜಿಪಿಯು ಎಂದು ಕರೆದು ಮಾರಿದಾಗ ಉದ್ದೇಶ ಆಟವೇ ಆಗಿತ್ತು. ಒಂದೇ ಬಗೆಯ ಸಣ್ಣ ಲೆಕ್ಕವನ್ನು ಸಾವಿರಾರು ಕಡೆ ಏಕಕಾಲಕ್ಕೆ ಮಾಡುವ ಅದರ ಗುಣ ವಿಡಿಯೊಗೂ, ವೈದ್ಯಕೀಯ ಸ್ಕ್ಯಾನಿಗೂ, ಈಗಿನ ಕೃತಕ ಬುದ್ಧಿಮತ್ತೆಗೂ ಒದಗಿಬಂತು. ನನ್ನ ಹತ್ತಿರ ಇರುವುದು ಆರ್‌ಟಿಎಕ್ಸ್ 3060. 2021ರಲ್ಲಿ ಬಂದದ್ದು, ಇವತ್ತಿನ ಲೆಕ್ಕದಲ್ಲಿ ಸಾಧಾರಣ ಕಾರ್ಡು. ಅದರ ಚಿಪ್ಪಿನ ವಿಸ್ತೀರ್ಣ 276 ಚದರ ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗ. ಅಷ್ಟರಲ್ಲಿ 1,200 ಕೋಟಿ ಟ್ರಾನ್ಸಿಸ್ಟರುಗಳಿವೆ. ಇಡೀ ಕಾರ್ಡು ಎಳೆಯುವ ವಿದ್ಯುತ್ತು 170 ವ್ಯಾಟ್.

ಆ 170 ವ್ಯಾಟ್ ಏನಾಗುತ್ತದೆ ಎಂಬುದು ಮುಖ್ಯ. ಮೋಟಾರಿಗೆ ಕೊಟ್ಟ ಕರೆಂಟು ನೀರೆತ್ತುತ್ತದೆ, ಬಲ್ಬಿಗೆ ಕೊಟ್ಟದ್ದರಲ್ಲಿ ಒಂದಿಷ್ಟು ಬೆಳಕಾಗುತ್ತದೆ. ಲೆಕ್ಕ ಮಾಡುವ ಚಿಪ್ಪಿಗೆ ಕೊಟ್ಟದ್ದು ಹೆಚ್ಚುಕಮ್ಮಿ ಅಷ್ಟೂ ಶಾಖವಾಗುತ್ತದೆ. ಅದು ಹುಟ್ಟಿದ ಕ್ಷಣದಲ್ಲೇ ಹೊರಗೆ ಹೋಗುತ್ತಿರಬೇಕು. ಹೋಗದಿದ್ದರೆ ಚಿಪ್ಪು ಸುಟ್ಟುಹೋಗುತ್ತದೆ ಎಂದು ಜನ ಹೆದರುತ್ತಾರೆ. ಹಾಗೆ ಆಗುವುದು ಅಪರೂಪ. ನನ್ನ ಕಾರ್ಡಿನಂಥವು 83 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಲು ತೊಡಗುತ್ತವೆ. 93 ಡಿಗ್ರಿ ಎನ್ವಿಡಿಯಾ ಹೇಳಿರುವ ಗರಿಷ್ಠ ಮಿತಿ. ಹಾಗಾಗಿ ಬಿಸಿಯ ದಂಡವನ್ನು ನಾವು ಸಮಯದಲ್ಲಿ ಕಟ್ಟುತ್ತೇವೆ. ಸಂಜೆಗೆ ಮುಗಿಯಬೇಕಾದ ರೆಂಡರ್ ರಾತ್ರಿ ಊಟದ ಹೊತ್ತಿಗೂ ಮುಗಿದಿರುವುದಿಲ್ಲ. ಫ್ಯಾನುಗಳು ಕಿರುಚುತ್ತವೆ, ಅವುಗಳ ಬೇರಿಂಗ್ ಬೇಗ ಸವೆಯುತ್ತದೆ.

ಶಾಖವನ್ನು ಯಾರೂ ಅಳಿಸಿಹಾಕಲಾರರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಬಹುದು, ಅಷ್ಟೆ. ಚಿಪ್ಪಿನಿಂದ ಥರ್ಮಲ್ ಪೇಸ್ಟಿಗೆ, ಪೇಸ್ಟಿನಿಂದ ತಾಮ್ರದ ತಟ್ಟೆಗೆ, ಅಲ್ಲಿಂದ ಹೀಟ್ ಪೈಪಿಗೆ, ಪೈಪಿನಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ, ಆ ಗಾಳಿ ಕ್ಯಾಬಿನೆಟ್ಟಿನಿಂದ ರೂಮಿಗೆ, ರೂಮಿನಿಂದ ಹೊರಗೆ. ಈ ದಾರಿಯಲ್ಲಿ ಎಲ್ಲಿ ಇಕ್ಕಟ್ಟಿದೆಯೋ ಅಲ್ಲಿ ಶಾಖ ಕಟ್ಟಿಕೊಳ್ಳುತ್ತದೆ. ಇಕ್ಕಟ್ಟು ಎಲ್ಲಿದೆ ಎಂದು ತಿಳಿಯದೆ ಫ್ಯಾನು ಕೊಂಡರೂ ಅಷ್ಟೆ, ದುಬಾರಿ ಪೇಸ್ಟು ಕೊಂಡರೂ ಅಷ್ಟೆ.

ಪೇಸ್ಟು ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬ ಒಂದು ತಪ್ಪು ತಿಳಿವಳಿಕೆ ಇದೆ. ಶಾಖ ಸಾಗಿಸುವ ಗುಣದಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಎಂದಿಟ್ಟುಕೊಂಡರೆ, ಅದೇ ಅಳತೆಯಲ್ಲಿ ಅಲ್ಯೂಮಿನಿಯಂಗೆ 235ರ ಆಸುಪಾಸು, ಒಳ್ಳೆಯ ಪೇಸ್ಟಿಗೆ ಎಂಟು ಹತ್ತು, ಗಾಳಿಗೆ 0.026. ಹಾಗಿದ್ದರೆ ಪೇಸ್ಟು ಯಾಕೆ ಬೇಕು? ಚಿಪ್ಪಿನ ಮೈ, ತಟ್ಟೆಯ ಮೈ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ತಗ್ಗು ದಿಣ್ಣೆಗಳೇ. ಆ ತಗ್ಗುಗಳಲ್ಲಿ ಕೂತಿರುವ ಗಾಳಿಯನ್ನು ಓಡಿಸುವುದಕ್ಕೆ ಪೇಸ್ಟು. ಹಚ್ಚಿದ್ದು ದಪ್ಪವಾದಷ್ಟೂ ಅದೇ ಅಡ್ಡಿಯಾಗುತ್ತದೆ.

ಇಡೀ ದಾರಿಯಲ್ಲಿ ನನಗೆ ಬಹಳ ಪ್ರೀತಿಯ ಭಾಗ ಹೀಟ್ ಪೈಪ್. ನಮ್ಮೂರಿನವರಿಗೆ ಅದನ್ನು ವಿವರಿಸುವುದು ಸುಲಭ, ಯಾಕೆಂದರೆ ನಮ್ಮ ಊರಿನ ಹೆಸರು ಹೊರಗೆ ತಿಳಿದಿರುವುದೇ ತಾನಾಗಿ ನೀರು ಸಾಗಿಸುವ ಒಂದು ಏರ್ಪಾಡಿನಿಂದ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಗೆ ಇಲ್ಲಿ ಮೈಸೂರು ಅರಸರ ಕಾಲದಲ್ಲಿ ಜಲಾಶಯ ಕಟ್ಟಿದರು. ಅದಕ್ಕೆ ತಾನಾಗಿ ಕೆಲಸ ಮಾಡುವ ಸೈಫನ್ ಇಟ್ಟರು. ಜಲಾಶಯ ತುಂಬಿ ನೀರು ಗೊತ್ತಾದ ಮಟ್ಟ ದಾಟಿದರೆ ಸೈಫನ್ ತಾನೇ ಎಳೆಯಲು ತೊಡಗುತ್ತದೆ. ಗೇಟು ಎತ್ತುವ ಆಳು ಬೇಡ, ಮೋಟಾರು ಬೇಡ. ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ. ಮಳೆ ಚೆನ್ನಾದ ವರ್ಷ ಸೈಫನ್ ಶುರುವಾಯಿತು ಎಂಬ ಸುದ್ದಿ ಹಬ್ಬಿದರೆ ಕುಣಿಗಲ್ಲಿನಿಂದ, ನಾಗಮಂಗಲದಿಂದ ಜನ ಬೈಕು ಹತ್ತಿ ಬರುತ್ತಾರೆ.

ಹೀಟ್ ಪೈಪಿನಲ್ಲೂ ನೀರೇ ಇರುವುದು, ಅಲ್ಲಿಯೂ ಅದನ್ನು ತಳ್ಳುವವರಿಲ್ಲ. ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ. ಒಳಗಿನ ಗಾಳಿಯನ್ನು ತೆಗೆದು ಸ್ವಲ್ಪವೇ ಸ್ವಲ್ಪ ನೀರು ಬಿಟ್ಟಿರುತ್ತಾರೆ. ಒಳಗೋಡೆಯ ಮೇಲೆ ತಾಮ್ರದ ಪುಡಿಯನ್ನು ಕಾಯಿಸಿ ಅಂಟಿಸಿದ ಪದರ ಇರುತ್ತದೆ. ಗಾಳಿಯ ಒತ್ತಡ ಇಲ್ಲದ್ದರಿಂದ ಅಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ. ಒತ್ತಡವನ್ನು ಹೊರಗಿನ ಗಾಳಿಯ ಹದಿನಾಲ್ಕನೇ ಒಂದು ಭಾಗಕ್ಕೆ ಇಳಿಸಿದರೆ 40 ಡಿಗ್ರಿಗೇ ನೀರು ಕುದಿಯುತ್ತದೆ. ಚಿಪ್ಪಿನ ಕಡೆ ಇರುವ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ, ಪುಡಿಯ ಪದರದ ಸಂದುಗಳು ಆ ನೀರನ್ನು ಹೀರಿಕೊಂಡು ವಾಪಸು ತರುತ್ತವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಲು ಸುಮಾರು 2,400 ಜೂಲ್ ಬೇಕು. ಅಂದರೆ ಆ ಕೊಳವೆಗಳಲ್ಲಿ ಸೆಕೆಂಡಿಗೆ ಒಂದು ಹನಿಯಷ್ಟು ನೀರು ಆವಿಯಾಗಿ ಬಂದರೆ ಸುಮಾರು 120 ವ್ಯಾಟ್ ಶಾಖವನ್ನು ಅದು ಹೊತ್ತೊಯ್ಯುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಾಹ್ಯಾಕಾಶ ನೌಕೆಗಳು. ಅದು ಇವತ್ತು ನಮ್ಮ ಮನೆಯ ಟೇಬಲ್ಲಿನ ಕೆಳಗೆ ಕೂತಿದೆ.

ಸೈಫನ್ನಿಗೂ ಇದಕ್ಕೂ ವ್ಯತ್ಯಾಸವೂ ಇದೆ. ಸೈಫನ್ ನಂಬುವುದು ನೀರಿನ ಭಾರವನ್ನು; ಹೀಟ್ ಪೈಪು ನಂಬುವುದು ಸಣ್ಣ ಸಂದುಗಳ ಹೀರುವ ಗುಣವನ್ನು. ಭಾರ ಎದುರಾದರೆ ಹೀರುವುದು ಕಷ್ಟವಾಗುತ್ತದೆ. ಅದಕ್ಕೇ ಕೆಲವು ಕಾರ್ಡುಗಳು ಮಲಗಿದಾಗ ಒಂದು ಉಷ್ಣತೆ, ನೆಟ್ಟಗೆ ನಿಲ್ಲಿಸಿದಾಗ ಇನ್ನೊಂದು ತೋರಿಸುತ್ತವೆ. ಚೆಂದ ಕಾಣಲೆಂದು ಕಾರ್ಡನ್ನು ಗಾಜಿಗೆ ಮುಖ ಮಾಡಿ ನಿಲ್ಲಿಸುವವರು ನಿಲ್ಲಿಸುವ ಮುಂಚೆ ಒಮ್ಮೆ, ನಿಲ್ಲಿಸಿದ ಮೇಲೆ ಒಮ್ಮೆ ಅಳೆದು ನೋಡಬೇಕು.

ಅಳೆಯುವುದೇ ಮೊದಲ ಕೆಲಸ. ಎಚ್‌ಡಬ್ಲ್ಯುಇನ್ಫೋ, ಎಂಎಸ್‌ಐ ಆಫ್ಟರ್‌ಬರ್ನರ್ ಎರಡೂ ಪುಕ್ಕಟೆ ಸಿಗುವ ತಂತ್ರಾಂಶಗಳು. ರೆಂಡರ್‌ಗೆ ಹಾಕಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಚಿಪ್ಪಿನ ಉಷ್ಣತೆ, ಹಾಟ್‌ಸ್ಪಾಟ್ ಉಷ್ಣತೆ, ಫ್ಯಾನಿನ ವೇಗ, ಇವುಗಳ ಜೊತೆ ರೂಮಿನ ಉಷ್ಣತೆಯನ್ನೂ ಬರೆದಿಡಬೇಕು. ಹಾಟ್‌ಸ್ಪಾಟ್ ಎಂದರೆ ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗ. ಎರಡರ ನಡುವೆ ಹತ್ತು ಹದಿನೈದು ಡಿಗ್ರಿ ಅಂತರ ಮಾಮೂಲು. ಅಂತರ ಇಪ್ಪತ್ತೈದು ಮೂವತ್ತಕ್ಕೆ ಹೋಗಿದ್ದರೆ ಪೇಸ್ಟು ಒಣಗಿದೆ ಅಥವಾ ತಟ್ಟೆ ಸರಿಯಾಗಿ ಕೂತಿಲ್ಲ ಎಂದು ಲೆಕ್ಕ. ಅಂತರ ಕಡಿಮೆಯಿದ್ದು ಎರಡೂ ಒಟ್ಟಿಗೆ ಮೇಲೇರಿದ್ದರೆ ತೊಂದರೆ ಇರುವುದು ಗಾಳಿಯಲ್ಲಿ.

ಗುಬ್ಬಿಯಲ್ಲಿರುವ ನಮ್ಮಕ್ಕನ ಮಗ ಡಿಪ್ಲೊಮಾ ಓದುತ್ತಾನೆ, ಆಟದ ಹುಚ್ಚು. ಹೋದ ಬೇಸಿಗೆಯಲ್ಲಿ ಫೋನ್ ಮಾಡಿದ.

"ಮಾವ, ಕಾರ್ಡು 84 ತೋರಿಸ್ತೈತೆ. ಲಿಕ್ವಿಡ್ ಕೂಲಿಂಗ್ ಹಾಕಿಸ್ಬಿಡ್ಲಾ? ಎಸ್‌.ಪಿ. ರೋಡಲ್ಲಿ ಸಿಗುತ್ತಂತೆ."

"ಕ್ಯಾಬಿನೆಟ್ ಸೈಡ್ ಡೋರ್ ಬಿಚ್ಚಿ ಇಟ್ಟು ಅದೇ ಆಟ ಆಡು. ಆಮೇಲೆ ಎಷ್ಟು ತೋರಿಸುತ್ತೆ ಹೇಳು."

ಅರ್ಧ ಗಂಟೆಗೆ ಮತ್ತೆ ಫೋನು. "75ಕ್ಕೆ ಬಂತು ಮಾವ!"

ಅಷ್ಟಕ್ಕೆ ಎಲ್ಲ ತಿಳಿದುಹೋಯಿತು. ಅವನ ಕಾರ್ಡು ಚೆನ್ನಾಗಿಯೇ ಇತ್ತು, ಉಸಿರಾಡಲು ಗಾಳಿ ಇರಲಿಲ್ಲ. ಕ್ಯಾಬಿನೆಟ್ಟಿನ ಮುಂದೆ ಪೂರಾ ಗಾಜು, ಹಿಂಭಾಗ ಗೋಡೆಗೆ ಒತ್ತಿಕೊಂಡು, ಟೇಬಲ್ಲಿನ ಗೂಡಿನೊಳಗೆ ಕೂತಿತ್ತು. ಕಾರ್ಡು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಗೂಡಿನಿಂದ ಹೊರಗೆ ತಂದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಮುಂದೆ ಗಾಳಿ ಒಳಗೆಳೆಯುವ ಎರಡು ಫ್ಯಾನು, ಹಿಂದೆ ಹೊರದಬ್ಬುವ ಒಂದು ಫ್ಯಾನು ಹಾಕಿದ. ಡೋರ್ ತೆಗೆದೇ ಇಟ್ಟುಬಿಟ್ಟರೆ ಆಗದೇ ಎಂದರೆ, ಆಗುತ್ತದೆ, ಆದರೆ ನಮ್ಮ ಕಡೆ ದೂಳು ಬಿಡುವುದಿಲ್ಲ.

ದೂಳಿನ ವಿಷಯದಲ್ಲಿ ನಮ್ಮ ಸೀಮೆಯದು ಬೇರೆಯೇ ಕಥೆ. ಡಿಸೆಂಬರ್ ಜನವರಿಯಲ್ಲಿ ರಾಗಿ ಒಕ್ಕಣೆ. ಕಣದಿಂದ ಹಾರುವ ಹೊಟ್ಟು ಕಿಟಕಿಯ ಜಾಲರಿ ದಾಟಿ ಬರುತ್ತದೆ. ತೆಂಗಿನ ನಾರಿನ ಪುಡಿ ವರ್ಷಪೂರ್ತಿ ಇದ್ದೇ ಇದೆ. ರಾಗಿ ಹೊಟ್ಟು ಹಗುರ, ಒರಟು. ಅಲ್ಯೂಮಿನಿಯಂ ರೆಕ್ಕೆಗಳ ನಡುವಿನ ಸಂದಿಗೆ ಸಿಕ್ಕಿಕೊಂಡರೆ ಅದರ ಮೇಲೆ ರಸ್ತೆಯ ದೂಳು ಕೂತು ಕಂಬಳಿಯಾಗುತ್ತದೆ. ಫ್ಯಾನು ಎಷ್ಟು ತಿರುಗಿದರೂ ಗಾಳಿ ರೆಕ್ಕೆಗಳ ಒಳಗೆ ಹೋಗುವುದಿಲ್ಲ. ಒಕ್ಕಣೆ ಮುಗಿದ ಮೇಲೆ, ಲಗ್ನ ಶುರುವಾಗುವ ಮುಂಚೆ ನಾನು ತಪ್ಪದೆ ಕಾರ್ಡು ಬಿಚ್ಚಿ ಶುಚಿ ಮಾಡುವುದು ಇದಕ್ಕೇ.

ಶುಚಿ ಮಾಡುವಾಗ ಕೆಲವು ಎಚ್ಚರಿಕೆ ಬೇಕು. ಪ್ಲಗ್ ಕಿತ್ತಿಟ್ಟು, ಒಂದಿಷ್ಟು ಹೊತ್ತು ಬಿಟ್ಟು, ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತು ಕಳೆದುಕೊಂಡು ಕೈ ಹಾಕಬೇಕು. ಹಳ್ಳಿ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸುವುದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಆ ಗುಂಡಿಗೆ ನೀರು ಹಾಕುತ್ತಿರಬೇಕು. ದೂಳು ತೆಗೆಯಲು ಸಣ್ಣ ಬ್ಲೋವರ್, ಮೆತ್ತನೆಯ ಪೇಂಟ್ ಬ್ರಷ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ, ಮೋಟಾರು ತಾನೇ ಕರೆಂಟು ಹುಟ್ಟಿಸಿ ಬೋರ್ಡಿಗೆ ಕಳಿಸುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಯಂತ್ರಕ್ಕೆ ಕಾರ್ಡನ್ನು ಒಯ್ಯುವವರನ್ನು ನಾನು ನೋಡಿದ್ದೇನೆ. ಆ ಟ್ಯಾಂಕಿನಲ್ಲಿ ನೀರಿನ ಪಸೆ, ಎಣ್ಣೆ ಎರಡೂ ಇರುತ್ತವೆ. ದಯವಿಟ್ಟು ಬೇಡ.

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಫಲ ಕೊಡುವುದು ಶಾಖವನ್ನು ಸಾಗಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು. ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಚಿಪ್ಪು ಎಳೆಯುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೋಲ್ಟೇಜು 1.05ರಿಂದ 0.9ಕ್ಕೆ ಇಳಿದರೆ, ವೇಗ ಅಷ್ಟೇ ಇದ್ದರೂ, ಲೆಕ್ಕ ಮಾಡುವುದಕ್ಕೆ ಖರ್ಚಾಗುವ ವಿದ್ಯುತ್ತು ಕಾಲು ಭಾಗಕ್ಕಿಂತ ಹೆಚ್ಚೇ ಕಡಿಮೆಯಾಗುತ್ತದೆ. ಕಾರ್ಖಾನೆಯವರು ಲಕ್ಷಾಂತರ ಚಿಪ್ಪುಗಳಲ್ಲಿ ಅತಿ ಸೋಮಾರಿಯಾದದ್ದೂ ನಡೆಯಲಿ ಎಂದು ವೋಲ್ಟೇಜನ್ನು ಸ್ವಲ್ಪ ಹೆಚ್ಚೇ ಇಟ್ಟಿರುತ್ತಾರೆ. ನಮ್ಮ ಕೈಯಲ್ಲಿರುವ ಚಿಪ್ಪಿಗೆ ಅಷ್ಟು ಬೇಕಿರುವುದಿಲ್ಲ. ಆಫ್ಟರ್‌ಬರ್ನರಿನಲ್ಲಿ ವೋಲ್ಟೇಜಿನ ಗೆರೆಯನ್ನು ತಿದ್ದಬಹುದು. ಒಮ್ಮೆಗೇ ಇಳಿಸದೆ ಹಂತ ಹಂತವಾಗಿ ಇಳಿಸುತ್ತಾ, ಪ್ರತಿ ಹಂತದಲ್ಲೂ ದೊಡ್ಡ ರೆಂಡರ್ ಒಂದನ್ನು ಓಡಿಸಿ, ತೊಡಕು ಬಂದರೆ ಒಂದು ಹೆಜ್ಜೆ ಹಿಂದೆ ಬರಬೇಕು. ಅಷ್ಟು ತಾಳ್ಮೆ ಇಲ್ಲದವರು ಅದೇ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು ಶೇಕಡಾ 80ಕ್ಕೆ ಇಳಿಸಿದರೆ ಸಾಕು. ನನ್ನ ಕಾರ್ಡು ಆಗ 136 ವ್ಯಾಟ್ ಮೀರುವುದಿಲ್ಲ. ರೆಂಡರ್ ತಡವಾಗುವುದು ತೀರ ಸ್ವಲ್ಪ, ಬಿಸಿ ಇಳಿಯುವುದು ಎದ್ದು ಕಾಣುವಷ್ಟು. ವೋಲ್ಟೇಜು ಇಳಿಸಿದರೆ ಕಾರ್ಡು ಕೆಡುವ ಭಯವಿಲ್ಲ. ಹೆಚ್ಚೆಂದರೆ ಕಂಪ್ಯೂಟರ್ ನಿಂತು ಮತ್ತೆ ಶುರುವಾಗುತ್ತದೆ.

ಪೇಸ್ಟು ಬದಲಿಸುವ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಅದರ ಅಗತ್ಯ ಹೆಚ್ಚಾಗಿ ಬೀಳುವುದು ಸೆಕೆಂಡ್ ಹ್ಯಾಂಡ್ ಕಾರ್ಡು ಕೊಂಡವರಿಗೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ಹಣದ ಜಾಲ ತನ್ನ ಕ್ರಮವನ್ನು ಬದಲಿಸಿತು. ಅಲ್ಲಿಯವರೆಗೆ ಆ ಹಣವನ್ನು ಗಳಿಸಲೆಂದು ಹಗಲೂ ರಾತ್ರಿ ಓಡುತ್ತಿದ್ದ ಕಾರ್ಡುಗಳಿಗೆ ಒಂದೇ ದಿನದಲ್ಲಿ ಕೆಲಸ ಹೋಯಿತು, ಎಲ್ಲ ಹಳೆ ಸಾಮಾನಿನ ಮಾರುಕಟ್ಟೆಗೆ ಬಂದವು. ಅವುಗಳ ಚಿಪ್ಪು ಬಹುಪಾಲು ಚೆನ್ನಾಗಿಯೇ ಇರುತ್ತದೆ. ಪೇಸ್ಟು ಒಣಗಿರುತ್ತದೆ, ಫ್ಯಾನು ಸವೆದಿರುತ್ತದೆ. ವಾರಂಟಿ ಇರುವ ಕಾರ್ಡನ್ನು ಮಾತ್ರ ಅದರ ಷರತ್ತು ಓದದೆ ಬಿಚ್ಚಬಾರದು. ಬಿಚ್ಚುವಾಗ ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಹಾಕುವಾಗಲೂ ಹಾಗೆಯೇ. ಒಂದೇ ಮೂಲೆ ಬಿಗಿ ಮಾಡಿದರೆ ಚಿಪ್ಪಿನ ಅಂಚು ಒಡೆಯಬಹುದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಚಿಪ್ಪು ಮುಚ್ಚುವಷ್ಟೇ ತೆಳುವಾಗಿ ಹೊಸದು ಹಚ್ಚಬೇಕು. ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತದೆ. ಅದನ್ನು ಬದಲಿಸುವುದಾದರೆ ಅದೇ ದಪ್ಪದ್ದೇ ಆಗಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೂ ತಟ್ಟೆ ಮುಖ್ಯ ಚಿಪ್ಪಿನಿಂದ ಮೇಲಕ್ಕೇಳುತ್ತದೆ, ಆಗ ಬಿಸಿ ಮೊದಲಿಗಿಂತ ಹೆಚ್ಚಾಗುತ್ತದೆ. ಲಿಕ್ವಿಡ್ ಮೆಟಲ್ ಎಂಬ ದ್ರವ ಲೋಹವನ್ನು ಕೆಲವರು ಹೊಗಳುತ್ತಾರೆ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಒಂದು ತೊಟ್ಟು ಪಕ್ಕಕ್ಕೆ ಜಾರಿದರೆ ಬೋರ್ಡು ಶಾರ್ಟ್ ಆಗುತ್ತದೆ. ಮನೆಯ ಕೆಲಸಕ್ಕೆ ಅದು ತಕ್ಕದ್ದಲ್ಲ.

ಕಾರ್ಡಿನ ಫ್ಯಾನೇ ಹೋಗಿದ್ದು ಅದರದ್ದೇ ಜೋಡಿ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಪ್ಲಾಸ್ಟಿಕ್ ಹೊದಿಕೆ ಮತ್ತು ಹಳೆಯ ಫ್ಯಾನು ತೆಗೆದು, ಕ್ಯಾಬಿನೆಟ್ಟಿಗೆ ಹಾಕುವ 120 ಮಿಲಿಮೀಟರಿನ ಎರಡು ಫ್ಯಾನುಗಳನ್ನು ರೆಕ್ಕೆಗಳ ಮೇಲೆ ನೇರವಾಗಿ ಕೂರಿಸಿ ಕೇಬಲ್ ಟೈ ಬಿಗಿಯುವುದು. ನೋಡಲು ಅಂದವಿಲ್ಲ. ಆದರೆ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಹೆಚ್ಚು ಗಾಳಿ ತಳ್ಳುವುದರಿಂದ ಸದ್ದು ಬಹಳ ಕಡಿಮೆ. ಟೈಗಳ ಬಾಲ ಕತ್ತರಿಸಿ, ವೈರು ರೆಕ್ಕೆಗೆ ತಾಗದ ಹಾಗೆ ಕಟ್ಟಬೇಕು.

ನೀರಿನ ತಂಪು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಅದರದ್ದೇ ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅಷ್ಟು ಒತ್ತೊತ್ತಾಗಿ ಚಿಪ್ಪುಗಳನ್ನು ಜೋಡಿಸಿದಾಗ ಗಾಳಿ ಸಾಲುವುದಿಲ್ಲ, ಅಂಥ ಯಂತ್ರಗಳಲ್ಲಿ ದ್ರವವನ್ನೇ ಚಿಪ್ಪಿನ ಮೇಲಿನ ತಟ್ಟೆಗೆ ಹರಿಸುತ್ತಾರೆ. ಅಲ್ಲಿ ನೋಡಿಕೊಳ್ಳುವ ಎಂಜಿನಿಯರುಗಳಿದ್ದಾರೆ. ಒಂದೇ ಕಾರ್ಡಿನ ಮನೆಯಲ್ಲಿ ಅದಕ್ಕೆ ಸುರಿಯುವ ದುಡ್ಡು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟಕ್ಕೂ ನೀರು ತನ್ನ ಶಾಖವನ್ನು ಕೊನೆಗೆ ಬಿಡುವುದು ಅದೇ ರೂಮಿನ ಗಾಳಿಗೆ.

ರೂಮಿನ ಮಾತನ್ನು ಬಹಳ ಜನ ಮರೆತುಬಿಡುತ್ತಾರೆ. ಫ್ಯಾನಿನ ವೇಗ ಒಂದೇ ಆಗಿದ್ದರೆ ರೂಮು ಹತ್ತು ಡಿಗ್ರಿ ಬಿಸಿಯಾದಾಗ ಚಿಪ್ಪೂ ಸರಿಸುಮಾರು ಹತ್ತು ಡಿಗ್ರಿ ಬಿಸಿಯಾಗುತ್ತದೆ. ಇದು ಕಂಪ್ಯೂಟರಿಗೆ ಮಾತ್ರ ಇರುವ ತೊಂದರೆಯಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಂಥ ಸಿಲಿಕಾನ್ ಫಲಕಗಳೂ 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಕಳೆದುಕೊಳ್ಳುತ್ತವೆ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂಬ ಲೆಕ್ಕ ಅಲ್ಲೂ ಪೂರಾ ನಡೆಯುವುದಿಲ್ಲ.

ನಾನು ಶೀಟಿನ ಮೇಲೆ ಬಿಳಿ ಬಣ್ಣ ಹೊಡೆಸಿದೆ, ಒಳಗೆ ಕೆಳಗಡೆ ಥರ್ಮಾಕೋಲ್ ಹಾಳೆ ಕೂರಿಸಿದೆ, ಶೀಟಿಗೂ ಗೋಡೆಗೂ ನಡುವೆ ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನು ಇಡಿಸಿದೆ. ಕಾರ್ಡಿಗೆಂದು ಕೊಂಡ ಯಾವ ಸಾಮಾನಿಗಿಂತ ಇವು ಹೆಚ್ಚು ಉಪಕಾರ ಮಾಡಿವೆ. ಮಧ್ಯಾಹ್ನವೆಲ್ಲ ಕಟ್ ಮಾಡುವ, ಹಾಡು ಜೋಡಿಸುವ ಹಗುರ ಕೆಲಸ. ದೊಡ್ಡ ರೆಂಡರುಗಳನ್ನು ಸಾಲಾಗಿ ಜೋಡಿಸಿಟ್ಟು ರಾತ್ರಿ ಹತ್ತರ ಮೇಲೆ ಬಿಡುತ್ತೇನೆ. ಆ ಹೊತ್ತಿಗೆ ಜಲಾಶಯದ ಕಡೆಯ ಕಿಟಕಿ ತೆಗೆದರೆ ಗಾಳಿ ಬರುತ್ತದೆ, ಕರೆಂಟೂ ಹಗಲಿಗಿಂತ ಸ್ಥಿರವಾಗಿರುತ್ತದೆ. ಹಿಂದೆ 84ರ ಹತ್ತಿರ ನಿಂತು ವೇಗ ಇಳಿಸಿಕೊಳ್ಳುತ್ತಿದ್ದ ಕಾರ್ಡು ಈಗ 70 ದಾಟುವುದು ಅಪರೂಪ. ಹಾರ್ಡ್‌ಡಿಸ್ಕ್ ತರುವ ಹುಡುಗರಿಗೆ ನಾನೀಗ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ ಎಂದು ಧೈರ್ಯವಾಗಿ ಹೇಳುತ್ತೇನೆ.